ನಾನು ಬೇಡವೆಂದ ಗಾಡಿ

ಆ ವರ್ಷವೆಲ್ಲ ಸಂತೆ ದಿನದ ಬೆಳಿಗ್ಗೆ ಹೀಗೇ ಶುರುವಾಗುತ್ತಿತ್ತು. ನಮ್ಮ ಮಾವ ನನ್ನ ಮನೆಯಲ್ಲಿ ಏಳುವರು. ನನ್ನ ಮನೆ ಬಚ್ಚಲಲ್ಲಿ ಸ್ನಾನ ಮಾಡಿ, ನನ್ನ ಹೆಂಡತಿ ತೊಳಸಿದ ಬಿಸಿ ಮುದ್ದೆ ಉಂಡು, ಹೆಗಲಿಗೆ ಟವಲು ಹಾಕಿಕೊಂಡು ನನ್ನ ಬಾಗಿಲಿಂದ ಹೊರಗೆ ಬರುವರು. ಬಾಗಿಲ ಮುಂದೆ ನನ್ನ ಮೋಟರ್‌ಸೈಕಲ್ಲು ಒರೆಸಿಕೊಂಡು ನಿಂತಿರುತ್ತಿತ್ತು. ಅದರ ಹ್ಯಾಂಡಲ್ ಮೇಲೆ ಒಂದು ಕೈ ಊರಿ, ನೋಯುವ ಮಂಡಿಯನ್ನು ನಿಧಾನಕ್ಕೆ ಮೆಟ್ಟಿಲು ಇಳಿಸಿ, ಗಾಡಿಯನ್ನು ದಾಟಿ ಮೂರು ಮನೆ ಆಚೆ ನಡೆದುಹೋಗಿ ನನ್ನ ಷಡ್ಡಕನ ಗಾಡಿಯ ಹಿಂದೆ ಕೂರುವರು. ನನ್ನ ಗಾಡಿ ಅವರಿಗೆ ಮೆಟ್ಟಿಲಿಳಿಯೋಕೆ ಹಿಡಿಕೆ, ಅಷ್ಟೇ.

ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಷಡ್ಡಕ ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಮಧುಗಿರಿಯಲ್ಲಿ ಒಂದೇ ಬೀದಿಯಲ್ಲಿ ನಮ್ಮಿಬ್ಬರ ಮನೆ. ಅವನು ಪಾವಗಡದ ಕಡೆ ಸೋಲಾರ್ ಪ್ಲೇಟುಗಳ ಬಯಲಿನಲ್ಲಿ ಕೆಲಸ ಮಾಡುತ್ತಾನೆ. ವಾರದ ರಜೆಯನ್ನು ಸಿರಾ ಸಂತೆಯ ದಿನಕ್ಕೇ ಹಾಕಿಸಿಕೊಂಡಿದ್ದ. ಯಾಕೆ ಹಾಕಿಸಿಕೊಂಡ ಅಂತ ನನಗೆ ಗೊತ್ತಿಲ್ಲ ಅಂದುಕೊಂಡಿದ್ದ.

ನಮ್ಮ ಮಾವ ನಿಡುಗಲ್ ಬೆಟ್ಟದ ಬುಡದ ಊರಿನವರು. ಕುರಿ ದಳ್ಳಾಳಿ. ಅತ್ತೆ ಹೋದ ಮೇಲೆ ಮಧುಗಿರಿಗೆ ಬಂದರು. ದೊಡ್ಡ ಮಗಳ ಮನೆ ಅಂತ ನಮ್ಮಲ್ಲೇ ಉಳಿದರು. ಮಂಡಿ ಹೋದರೂ ಸಂತೆ ಬಿಡಲಿಲ್ಲ. ಸಂತೆಯಲ್ಲಿ ಅವರು ಬಂದು ಟವಲು ಹಾಕಿದರೆ ವ್ಯಾಪಾರ ಮುಗೀತು ಅಂತಲೇ ಲೆಕ್ಕ. ನೋಡದವರಿಗೆ ಹೇಳುತ್ತೇನೆ. ಕೊಡುವವನ ಕೈ, ಕೊಳ್ಳುವವನ ಕೈ ಎರಡೂ ಒಂದು ಟವಲಿನ ಕೆಳಗೆ. ಬಾಯಿ ಮುಚ್ಚಿರಬೇಕು. ಎಷ್ಟು ಬೆರಳು ಹಿಡಿದರೆ ಅಷ್ಟು ಬೆಲೆ, ಬೆರಳು ಬಿಡಿಸಿಕೊಂಡರೆ ಒಪ್ಪಿಲ್ಲ ಅಂತ ಅರ್ಥ. ಸುತ್ತ ನಿಂತವರಿಗೆ ಟವಲು ಅಲ್ಲಾಡೋದು ಮಾತ್ರ ಕಾಣುತ್ತದೆ. ಒಳಗಿನ ಮಾತು ಒಳಗೇ.

ನಾನು ಹುಣಸೆ ಮರ ಗುತ್ತಿಗೆ ಹಿಡಿಯುವವನು. ಹಣ್ಣು ಮರದ ಮೇಲಿರುವಾಗಲೇ ಫಸಲು ಅಂದಾಜು ಮಾಡಿ ಮಾತು ಮುಗಿಸಬೇಕು. ಕೊರಟಗೆರೆಯಿಂದ ಪಾವಗಡದವರೆಗೆ ನಾನು ತಲೆ ಎತ್ತಿ ನೋಡದ ಮರವಿಲ್ಲ. ಕೈಯಲ್ಲಿ ಏನೂ ಇಲ್ಲದೆ ಶುರು ಮಾಡಿದವನು ನಾನು. ಇವತ್ತು ಮನೆ ಕಟ್ಟಿದ್ದೇನೆ. ಆದರೆ ಆ ವಿದ್ಯೆ ನನಗೆ ಮಾವನದು, ಮತ್ತು ಅದನ್ನು ಅವರು ಕಲಿಸಿದ್ದು ನನ್ನ ಗಾಡಿಯ ಹಿಂದಿನ ಸೀಟಿನ ಮೇಲೆ ಕೂತುಕೊಂಡು. ಎಡಗೈ ನನ್ನ ಹೆಗಲ ಮೇಲೆ, ಬಾಯಿ ನನ್ನ ಕಿವಿಯ ಹತ್ತಿರ.

"ಅಳಿಮಯ್ಯಾ, ಅಗೋ ಆ ಮರ ನೋಡು. ಹೊರಗೆ ದಟ್ಟವಾಗೈತೆ, ಒಳಗೆ ಬೋಳು. ಕೆಳಗೆ ನಿಂತು ನೋಡಿದೋನು ಮುಳುಗ್ತಾನೆ."

"ಮಾರೋನು ಬೇಗ ಬೇಗ ಮಾತಾಡ್ತಾವ್ನೆ ಅಂದ್ರೆ ನೀನು ಬೀಡಿ ಹಚ್ಚು. ಸೇದದಿದ್ರೂ ಹಚ್ಚು."

ಮಧುಗಿರಿಯಿಂದ ಸಿರಾವರೆಗೆ ಪಾಠ. ನಮ್ಮಪ್ಪ ನನ್ನ ಜೊತೆ ಅಷ್ಟು ಮಾತಾಡಿದ್ದು ನೆನಪಿಲ್ಲ. ಆ ಹಿಂದಿನ ಸೀಟು ಖಾಲಿಯಾದಾಗ ನನಗೆ ಏನು ಹೋಯಿತು ಅಂತ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಲಿಲ್ಲ. ಹೇಗೆ ಹೇಳುವುದು? ಮುದ್ದೆ ನಮ್ಮನೇಲಿ ಉಣ್ಣುತ್ತಾರೆ, ಹಾಸಿಗೆ ನಮ್ಮನೇಲಿ ಹಾಸುತ್ತಾರೆ, ಸೀಟು ಮಾತ್ರ ಅವನದು ಅಂತ ಜಗಳ ತೆಗೆಯೋಕಾಗುತ್ತದೆಯೇ?

ಇದರಲ್ಲಿ ನನಗೆ ಮುಳ್ಳಿನ ಹಾಗೆ ಚುಚ್ಚುತ್ತಿದ್ದದ್ದು ಇನ್ನೊಂದು. ಅವನ ಗಾಡಿ ನಾನು ಬೇಡವೆಂದ ಗಾಡಿ.

ಎರಡನ್ನೂ ಒಂದೇ ದಿನ, ಸಿರಾದಲ್ಲಿ, ಹಳೇ ಗಾಡಿ ಮಾರುವ ಒಂದೇ ಅಂಗಡಿಯಲ್ಲಿ ತಂದದ್ದು. ಎರಡೂ ನೂರು ಸಿಸಿಯವು, ಒಂದೇ ಕಂಪನಿಯವು. ಇಬ್ಬರ ಪರವಾಗಿ ಮಾತಾಡಿದವನು ನಾನೇ. ಸೆಕೆಂಡ್ ಹ್ಯಾಂಡ್ ಗಾಡಿ ತೆಗೆಯುವವರು ಕೇಳಿ: ಮೀಟರ್ ನೋಡಬೇಡಿ, ಅದನ್ನು ಯಾರು ಬೇಕಾದರೂ ತಿರುಗಿಸುತ್ತಾರೆ. ಬ್ರೇಕ್ ಪೆಡಲ್ ಎಷ್ಟು ಸವೆದಿದೆ ನೋಡಿ. ಇಂಜಿನ್ ಮೇಲೆ ಕೈಯಿಡಿ. ನೀವು ಹೋಗುವ ಮೊದಲೇ ಬಿಸಿಯಾಗಿದ್ದರೆ, ತಣ್ಣಗಿರುವಾಗ ಅದು ಸ್ಟಾರ್ಟ್ ಆಗದ ಗಾಡಿ. ಹೀಗೆಲ್ಲ ನೋಡಿ ನಾನು ಕಪ್ಪುಬಣ್ಣದ್ದನ್ನು ಆರಿಸಿದೆ. ಉಳಿದದ್ದು ಕೆಂಪು. ಮಡ್‌ಗಾರ್ಡ್‌ಗೆ ತುಕ್ಕು, ಸೀಟು ಹರಿದದ್ದು, ಸೈಲೆನ್ಸರ್ ಸದ್ದು ಒಡಕು.

"ಅರೆ ಭಾಯ್, ಜೀವ ತೆಗೀಬೇಡಿ. ಎರಡೂ ಒಂದೇ ತಾಯಿ ಮಕ್ಳು," ಅಂದ ಅಂಗಡಿಯವನು.

"ಹಂಗಾದ್ರೆ ಒಂದು ಮಗೂಗೆ ಮಾತ್ರ ಯಾಕೆ ಊಟ ಹಾಕಿದೀರಾ?" ಅಂದೆ. ಅವನು ನಕ್ಕ. ನಕ್ಕವನು ಇಳಿದ ಅಂತಲೇ ಅರ್ಥ.

ಷಡ್ಡಕ ಕೆಂಪು ಗಾಡಿಯ ಸುತ್ತ ಒಂದು ಸುತ್ತು ಬಂದು, "ಇದಿರ್ಲಿ ಬುಡಣ್ಣ, ನಂಗಿಷ್ಟೇ ಸಾಕು," ಅಂದ. ಆಗ ನನಗೆ ಅವನ ಮೇಲೆ ಕನಿಕರ ಬಂದಿತ್ತು. ಈಗ ನೆನೆದರೆ ಆ ಕನಿಕರವನ್ನೂ ವಾಪಸ್ ತಗೊಳ್ಳಬೇಕು ಅನ್ನಿಸುತ್ತದೆ.

ಆ ಗಾಡಿಯನ್ನು ಅವನು ಯಾವ ಮೆಕ್ಯಾನಿಕ್‌ಗೂ ತೋರಿಸಲಿಲ್ಲ. ಸಂತೆಯ ಮುನ್ನಾದಿನ ಸಾಯಂಕಾಲ ಡ್ಯೂಟಿ ಮುಗಿಸಿ ಬಂದವನೇ ಮನೆ ಮುಂದೆ ಬೇವಿನ ನೆರಳಲ್ಲಿ ಗೋಣಿಚೀಲ ಹಾಸುವನು. ಹಳೇ ಹಲ್ಲುಜ್ಜುವ ಬ್ರಷ್ಷನ್ನು ಡೀಸೆಲ್‌ನಲ್ಲಿ ಅದ್ದಿ ಚೈನನ್ನು ಕೊಂಡಿ ಕೊಂಡಿಯಾಗಿ ತಿಕ್ಕುವನು, ಆಮೇಲೆ ಒರೆಸಿ ಎಣ್ಣೆ ಬಿಡುವನು. ಪ್ಲಗ್ ಬಿಚ್ಚಿ ಉಜ್ಜುವನು. ಕಾರ್ಬೋರೇಟರ್ ಬಿಚ್ಚಿ, ಸಣ್ಣ ತೂತುಗಳಿಗೆ ಬಾಯಿಯಿಟ್ಟು ಊದುವನು. ಇಂಜಿನ್‌ನಿಂದ ಇಳಿಸಿದ ಹಳೇ ಆಯಿಲ್ಲನ್ನು ಬಾಟ್ಲಿಗೆ ತುಂಬಿ ಬೀದಿಯವರ ಗೇಟಿನ ತಿರುಗಣಿಗಳಿಗೆ ಬಿಡುವನು. ಹಾಗಾಗಿ ಬೀದಿಯ ಹೆಂಗಸರೂ ಅವನ ಕಡೆಯೇ. ನನ್ನ ಗಾಡಿಯನ್ನು ನಾನು ಮೆಕ್ಯಾನಿಕ್‌ಗೆ ಕೊಡುತ್ತಿದ್ದೆ. ಕೂಲಿಯಲ್ಲಿ ಚೌಕಾಸಿ ಮಾಡುತ್ತಿದ್ದೆ. ನಾನು ಕೂಲಿ ಇಳಿಸಿದಷ್ಟೂ ಅವನು ಕೆಲಸ ಇಳಿಸುತ್ತಿದ್ದ ಅನ್ನುವುದು ಆಮೇಲೆ ತಿಳಿಯಿತು.

ಒಂದು ಸಂಜೆ ಮಾವ ಅವನ ಜಗಲಿ ಮೇಲೆ ಕೂತಿದ್ದರು. ಅವನು ಒಂದು ದಾರ ತಂದು ಅವರ ಮಂಡಿಯಿಂದ ಪಾದದವರೆಗೆ ಹಿಡಿದು ಗಂಟು ಹಾಕಿದ.

"ಏಮಪ್ಪಾ, ಶರಾಯಿ ಹೊಲಿಸ್ತೀಯಾ ನಂಗೆ?" ಅಂದರು ಮಾವ.

"ಇಲ್ಲ ಮಾವ. ನಿಮ್ ಕಾಲಿಗೆ ಗಾಡಿ ಹೊಲಿಸ್ತೀನಿ."

ಅದೇ ಅಳತೆಗೆ ಹಿಂದಿನ ಫುಟ್‌ರೆಸ್ಟನ್ನು ಬಿಚ್ಚಿ, ಕೆಳಗೆ ಇಳಿಸಿ, ಅಂಗಾಲು ಪೂರ್ತಿ ಕೂರುವ ಪಟ್ಟಿ ವೆಲ್ಡ್ ಮಾಡಿಸಿದ. ಸೀಟಿನ ಹಿಂಭಾಗದ ಫೋಮು ಕೊಯ್ದು ತಗ್ಗಿಸಿದ. ಹಳೇ ಕಬ್ಬಿಣದ ಮಂಚದ ಕಂಬಿ ಬಗ್ಗಿಸಿ ಬೆನ್ನಿಗೆ ಆನಿಕೆ ಮಾಡಿದ. ಪಕ್ಕದಲ್ಲಿ ಒಂದು ಕುರಿಮರಿ ಕೂರುವಷ್ಟು ಬುಟ್ಟಿ. ಮಾವ ಒಂದು ಸಲ ಹತ್ತಿ ಕೂತು ನೋಡಿದರು. ಮುಂದಿನ ಸಂತೆಗೆ, "ಒಂದ್ಸಲ ಇವನ ಗಾಡೀಲಿ ಹೋಗ್ಬತ್ತೀನಿ ಅಳಿಮಯ್ಯ, ಆಸೆಯಿಂದ ಮಾಡವ್ನೆ," ಅಂದರು. ಆ ಒಂದ್ಸಲ ಮುಗಿಯಲೇ ಇಲ್ಲ.

"ಯಾರ ಗಾಡೀಲಿ ಹೋದ್ರೆ ಏನ್ರೀ? ಅಪ್ಪಂಗೆ ಮಂಡಿ ನೋವು," ಅಂದಳು ನನ್ನ ಹೆಂಡತಿ. "ನಿಮ್ಗೆಲ್ಲಿ ನೋವು?"

"ನಂಗ್ಯಾಕೆ ನೋವು?"

"ಹಂಗಾದ್ರೆ ಆ ಕಡೆ ಗಾಡಿ ಸ್ಟಾರ್ಟ್ ಆದಾಗ್ಲೆಲ್ಲ ತಟ್ಟೆ ಯಾಕೆ ಜೋರಾಗಿ ಇಡ್ತೀರಾ?"

ನನ್ನ ಗಾಡಿ ನಾನೇ ಸಜ್ಜು ಮಾಡುತ್ತೇನೆ ಅಂತ ಆವತ್ತೇ ತೀರ್ಮಾನಿಸಿದೆ. ಸೀಟಿಗೆ ಅವನದಕ್ಕಿಂತ ದಪ್ಪ ಫೋಮು ಹಾಕಿಸಿದೆ. ಆನಿಕೆಗೆ ಮೆತ್ತೆ ಸುತ್ತಿಸಿದೆ, ಅವನದು ಬರೀ ಕಂಬಿ. ಮಾವ ನಿದ್ದೆ ಹೋಗಿದ್ದಾಗ ನಾನೂ ಕಾಲಿನ ಅಳತೆ ತೆಗೆದೆ. ಉಳಿದದ್ದು ಒಂದೇ: ಏರು ಬಂದಾಗ ನನ್ನ ಗಾಡಿ ತಿಣುಕಿ, ಗೇರು ಬದಲಿಸುವಾಗ ಹಿಂದೆ ಕೂತವರನ್ನು ಕುಲುಕಿಸುತ್ತಿತ್ತು. ಹಿಂದಿನ ಚಕ್ರಕ್ಕೆ ಎರಡು ಹಲ್ಲು ಜಾಸ್ತಿಯಿರುವ ಸ್ಪ್ರಾಕೆಟ್ ಹಾಕಿದರೆ, ಅಂದರೆ ಚೈನು ಸುತ್ತುವ ಆ ಹಲ್ಲಿನ ಬಿಲ್ಲೆಯನ್ನು ದೊಡ್ಡದು ಮಾಡಿದರೆ, ಎಳೆಯುವ ಶಕ್ತಿ ಜಾಸ್ತಿಯಾಗುತ್ತದೆ. ಇದು ಷಡ್ಡಕನೂ ಮಾಡಿರದ ಕೆಲಸ. ಅದಕ್ಕೇ ನನಗೆ ಇನ್ನೂ ಹಿಡಿಸಿತು.

ಸಿರಾದ ಬಿಡಿಭಾಗದ ಅಂಗಡಿಗೆ ಹೋದೆ.

"ಸೆಟ್ ಒಡೆಯಲ್ಲ ಸಾಮಿ," ಅಂದ ಅಂಗಡಿಯವನು. "ಚೈನು, ಮುಂದಿನ ಹಲ್ಲು, ಹಿಂದಿನ ಹಲ್ಲು. ಮೂರೂ ಒಟ್ಟಿಗೆ ಹಾಕ್ಬೇಕು."

ಇಲ್ಲಿ ನನ್ನ ಬುದ್ಧಿ ಓಡಿದ್ದನ್ನು ಹೇಳಬೇಕು. ನನ್ನ ಹಳೇ ಚೈನು ಉದ್ದವಾಗಿ ಜೋಲುತ್ತಿತ್ತು. ಹೊಸ ಬಿಲ್ಲೆ ದೊಡ್ಡದು, ಅದಕ್ಕೆ ಉದ್ದದ ಚೈನೇ ಬೇಕು. ಜೋಲುವ ಚೈನಿಗೆ ದೊಡ್ಡ ಬಿಲ್ಲೆ, ದೊಡ್ಡ ಬಿಲ್ಲೆಗೆ ಜೋಲುವ ಚೈನು! ಎರಡು ತೊಂದರೆ ಒಂದಕ್ಕೊಂದು ಸರಿಹೋಗುತ್ತದೆ, ನನಗೆ ಬೇಕಾದದ್ದು ಒಂದೇ ಸಾಮಾನು. ಇಂಥದ್ದು ಹೊಳೆಯೋದು ವ್ಯಾಪಾರ ಮಾಡಿದ ತಲೆಗೆ ಮಾತ್ರ ಅಂತ ಅಂಗಡಿ ಮುಂದೆಯೇ ನಿಂತು ಹೆಮ್ಮೆಪಟ್ಟೆ. ಚಹಾ ಕುಡಿದು ಬಂದೆ, ಬೇರೆ ಅಂಗಡಿಗೆ ಹೋಗುವ ಹಾಗೆ ಹೋಗಿ ಬಂದೆ, ಅವನ ಸ್ಟೂಲಿನ ಮೇಲೇ ಕೂತೆ.

"ನಿಮ್ ಕೂಡೆ ನನ್ ಕೈಲಾಗಲ್ಲ ಸಾಮಿ, ತಗೊಂಡೋಗಿ," ಅಂತ ಕೊನೆಗೆ ಪೊಟ್ಟಣ ಹರಿದ. "ಆಮೇಲೆ ನಂಗೆ ಬೈಬೇಡಿ."

ಸೋತ ಅಂಗಡಿಯವರೆಲ್ಲ ಹಾಗೇ ಅನ್ನುವುದು ಅಂದುಕೊಂಡೆ.

ಮನೆಯಲ್ಲಿ ನಾನೇ ಚಕ್ರ ಬಿಚ್ಚಿ ಹಾಕಿದೆ. ಎರಡು ಸಲ ಬೆರಳು ಜಜ್ಜಿಕೊಂಡೆ. ಆದರೆ ಚೈನು ನಾನು ಅಂದುಕೊಂಡ ಹಾಗೇ ಕೂತಿತು, ಬಿಗಿಯಾಗಿ, ಅಳೆದು ಹೊಲಿದ ಹಾಗೆ. ಬೀದಿಯಲ್ಲಿ ಒಂದು ಸುತ್ತು ಹೋಗಿ ಬಂದೆ. ಎಳೆತ ಅಂದರೆ ಎಳೆತ! ಷಡ್ಡಕನ ಮನೆ ಮುಂದೆ ಬೇಕಂತಲೇ ಎರಡನೇ ಸುತ್ತೂ ಹೋದೆ. ಅವನು ಮನೆಯಲ್ಲಿರಲಿಲ್ಲ.

ಅದೇ ವಾರ ಮಾವನಿಗೆ ಊರಿನಿಂದ ಕರೆ ಬಂತು. ಹಳೇ ಪರಿಚಯದವರೊಬ್ಬರ ಟಗರಿಗೆ ಬೆಲೆ ಕಟ್ಟಬೇಕಿತ್ತು. ಮಾವ ಬಾಗಿಲಿಗೆ ಬಂದು ಮೂರು ಮನೆ ಆಚೆ ನೋಡಿದರು. ಕೆಂಪು ಗಾಡಿಯಿಲ್ಲ.

"ಅವನು ಡ್ಯೂಟಿಗೆ ಹೋಗವ್ನೆ," ಅಂದರು. "ನಿಡುಗಲ್‌ಗೆ ನೀನು ಬತ್ತೀಯಾ ಅಳಿಮಯ್ಯ?"

ಕೇಳಿದ ರೀತಿ ಹೇಗೇ ಇರಲಿ, ಸಿಕ್ಕಿದ ವ್ಯಾಪಾರ ಬಿಡಬಾರದು. ಹತ್ತಿಸಿಕೊಂಡೆ. ಮಾವ ಆನಿಕೆಯ ಮೆತ್ತೆಯನ್ನು ಕೈಯಿಂದ ಒತ್ತಿ ನೋಡಿದರು. "ಮೆತ್ತಗೈತೆ," ಅಂದರು. ಊರು ದಾಟುವವರೆಗೂ ನನ್ನ ಮುಖ ತಾನೇ ಅರಳಿಕೊಂಡಿತ್ತು. ಪಾವಗಡದ ರಸ್ತೆ ಹಿಡಿದ ಮೇಲೆ ಎಡಗೈ ಹೆಗಲ ಮೇಲೆ ಬಂತು, ಬಾಯಿ ಕಿವಿಯ ಹತ್ತಿರ ಬಂತು. ಒಂದು ಹುಣಸೆ ಮರ ತೋರಿಸಿ, "ಈ ಮರದೋನು ಕಿವುಡ. ಅವನ ಹೆಂಡ್ತಿ ಕೂಡೆ ಮಾತಾಡು, ಬೇಗ ಮುಗಿಯತ್ತೆ," ಅಂದರು. ಎಷ್ಟು ದಿನವಾಗಿತ್ತು ಆ ಮಾತು ಕೇಳಿ.

ಬೆಟ್ಟದ ಕಡೆ ಏರು ಶುರುವಾಯಿತು. ಕಟಕ್ ಅಂತು.

"ಏಮಪ್ಪಾ, ಯಾಕೆ ಎಗರ್ತೈತೆ?"

"ರೋಡು ಸರಿಯಿಲ್ಲ ಮಾವ."

"ರೋಡು ಕನ್ನಡಿ ಇದ್ದಂಗೈತಲ್ಲೋ!"

ಕಟಕ್, ಕಟಕ್, ಆಮೇಲೆ ಬಿಡದೆ ಕಟಕಟ. ಎಕ್ಸಿಲೇಟರ್ ಕೊಟ್ಟಷ್ಟೂ ಸದ್ದು, ಗಾಡಿ ಮುಂದಕ್ಕೆ ಹೋಗದು. ಕೊನೆಗೆ ಒಂದು ಸಲ ಫಟ್ ಅಂದು ಚೈನು ತುಂಡಾಗಿ ಡಾಂಬರಿನ ಮೇಲೆ ಸರಿದು ಬಿತ್ತು. ನಾನು ಎರಡೂ ಕಾಲು ಊರಿ ಗಾಡಿ ಹಿಡಿದೆ. ಮಾವನಿಗೆ ಏನೂ ಆಗಲಿಲ್ಲ. ಮಂಡಿ ಹಿಡಿದುಕೊಂಡು ಇಳಿದು, ಕಲ್ಲಿನ ಮೇಲೆ ಕೂತು, ಒಳಜೇಬಿನಿಂದ ಬಟನ್ ಫೋನ್ ತೆಗೆದು ಒಂದೇ ಗುಂಡಿ ಒತ್ತಿ ಹಿಡಿದರು. ನನ್ನನ್ನು ಕೇಳಲೂ ಇಲ್ಲ.

"ಲೇ ಅಪ್ಪಯ್ಯಾ, ಚೈನ್ ಕಿತ್ಕೊಂಡೈತೆ. ನಿಡುಗಲ್ ಏರಲ್ಲಿದೀವಿ," ಅಂದು ಇಟ್ಟರು.

"ಒಂದೇ ಗುಂಡಿಗೆ ಹೋಯ್ತದಾ ಮಾವ?"

"ಊಂ. ಅವನೇ ಹಾಕ್ಕೊಟ್ಟವ್ನೆ. ಒಂದು ಒತ್ತಿದ್ರೆ ಅವನು. ಎರಡಕ್ಕೆ ನಿನ್ ಹೆಂಡ್ತಿ."

"ನಾನು?"

"ನೀನು ಮೂರು. ನಿಂಗೇನು, ಮನೇಲೇ ಇರ್ತೀಯಲ್ಲ."

ಷಡ್ಡಕ ಬರುವವರೆಗೂ ನಾನು ಆ ಮೂರನ್ನೇ ಅಗಿಯುತ್ತಿದ್ದೆ. ಅವನು ಪಾಳಿ ಮುಗಿಸಿ, ಕೆಲಸದ ಅಂಗಿಯಲ್ಲೇ ಬಂದ. ಸೀಟಿನ ಕೆಳಗಿನಿಂದ ಇಕ್ಕಳ, ಚೈನು ಕೂಡಿಸುವ ಒಂದು ಬಿಡಿ ಕೊಂಡಿ ತೆಗೆದ. ಕೂತು ನೋಡಿದವನೇ, "ಅಣ್ಣಾ, ಸೆಟ್ ಯಾಕೆ ಒಡ್ಸಿದೆ?" ಅಂದ.

ನನ್ನ ಲೆಕ್ಕ ಹೇಳಿದೆ. ಅವನಿಗೆ ನಗು ಬಂತು, ಮಾವನ ಕಡೆ ನೋಡಿ ನುಂಗಿಕೊಂಡ.

"ಉದ್ದ ಸರಿಹೋಯ್ತು ಕಣಣ್ಣ, ಹಲ್ಲು ಸರಿಹೋಗ್ಬೇಕಲ್ಲ. ಸವೆದ ಚೈನಲ್ಲಿ ಒಂದೊಂದು ಕೊಂಡೀನೂ ಸಡಿಲ ಆಗಿರ್ತದೆ. ಹೊಸ ಹಲ್ಲಿಗೆ ಕೂರಲ್ಲ, ಮೇಲೇರಿ ಜಾರ್ತದೆ. ಬಯಲಲ್ಲಿ ಗೊತ್ತಾಗಲ್ಲ, ಏರಲ್ಲಿ ಹಿಂಗೇ." ಕೊಂಡಿ ಕೂಡಿಸಿ ಕೈ ಒರೆಸಿಕೊಂಡ. "ಏರು ಹತ್ತಿಸ್ಬೇಡ. ಮೆತ್ತಗೆ ಮಧುಗಿರಿ ಸೇರ್ಕೋ."

ಓದುವವರು ಇಷ್ಟು ನೆನಪಿಡಿ: ಬೇರೆ ಏನನ್ನು ಬೇಕಾದರೂ ಬಿಡಿಯಾಗಿ ಕೊಳ್ಳಿ, ಚೈನು ಮತ್ತು ಹಲ್ಲನ್ನು ಒಟ್ಟಿಗೆ ಕೊಳ್ಳಿ.

ಮಾವ ಎದ್ದು ಕೆಂಪು ಗಾಡಿ ಹತ್ತಿದರು. ಹತ್ತಿದ ಮೇಲೆ ನನ್ನ ಕಡೆ ತಿರುಗಿ, "ಸೀಟು ಮಾತ್ರ ಚೆನ್ನಾಗಿ ಮಾಡ್ಸಿದೀಯ ಅಳಿಮಯ್ಯ," ಅಂದರು. ಬೈದಿದ್ದರೆ ಬೆಟ್ಟ ಇಳಿಯುವಷ್ಟರಲ್ಲಿ ಮರೆಯುತ್ತಿದ್ದೆ. ಕೆಂಪು ಗಾಡಿ ಮೇಲಕ್ಕೆ ಹೋಯಿತು. ಅದರ ಸದ್ದಿನಲ್ಲಿ ಒಂದು ಒಡಕಿಲ್ಲ. ಸಿರಾದ ಅಂಗಡಿಯಲ್ಲಿ ಒಡಕು ಅಂತ ನಾನೇ ಬೆರಳು ತೋರಿಸಿದ್ದ ಸದ್ದು ಅದು.

ಮತ್ತೆ ಅದೇ ಬಿಡಿಭಾಗದ ಅಂಗಡಿಗೆ ಹೋದೆ. ಚೌಕಾಸಿ ಮಾಡಲಿಲ್ಲ ಅಂದರೆ ಸುಳ್ಳಾಗುತ್ತದೆ, ಮಾಡಿದೆ. ಆದರೆ ಪೂರ್ತಿ ಸೆಟ್ ತಂದೆ. ಸಂತೆಯ ಮುನ್ನಾದಿನ ಸಾಯಂಕಾಲ ನನ್ನ ಬಾಗಿಲಲ್ಲೇ ಗೋಣಿಚೀಲ ಹಾಸಿದೆ.

"ಇಲ್ಲಿ ಬಾರಣ್ಣ, ನೆರಳೈತೆ," ಅಂತ ಮೂರು ಮನೆ ಆಚೆಯಿಂದ ಷಡ್ಡಕ ಕೂಗಿದ.

ಹೋಗಬಾರದು ಅಂದುಕೊಂಡೆ. ಬಿಸಿಲಿತ್ತು, ಹೋದೆ. ಅವನ ಬೇವಿನ ನೆರಳಲ್ಲಿ ಕಪ್ಪು ಗಾಡಿ, ಕೆಂಪು ಗಾಡಿ ಅಕ್ಕಪಕ್ಕ ನಿಂತವು. ಅವನು ತನ್ನದನ್ನು ತಿಕ್ಕಿದ, ನಾನು ನನ್ನದಕ್ಕೆ ಹೊಸ ಸೆಟ್ ಕೂರಿಸಿದೆ. ಮಾವ ಜಗಲಿ ಮೇಲೆ ಕೂತು ಇಬ್ಬರನ್ನೂ ನೋಡುತ್ತಿದ್ದರು, ಸಂತೆಯಲ್ಲಿ ಎರಡು ಟಗರು ನೋಡುವ ಹಾಗೆ.

ಬೆಳಿಗ್ಗೆ ಮುದ್ದೆ ಉಂಡು ಹೊರಗೆ ಬಂದರು. ಬಾಗಿಲಲ್ಲಿ ನಿಂತಿದ್ದ ನನ್ನ ಗಾಡಿಯ ಹ್ಯಾಂಡಲ್ ಹಿಡಿದು ಇಳಿದರು. ಇಳಿದವರು ಅಲ್ಲೇ ನಿಂತರು. ಆ ಕಡೆ ಷಡ್ಡಕ ಆಗಲೇ ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದ. ಮಾವ ಹೆಗಲ ಟವಲು ತೆಗೆದು ನನ್ನ ಬಲಗೈ ಮೇಲೆ ಹಾಕಿ, ಅದರ ಕೆಳಗೆ ತಮ್ಮ ಕೈಯಿಟ್ಟರು.

ನನ್ನ ಒಂದು ಬೆರಳು ಹಿಡಿದರು. ತಿಂಗಳಿಗೆ ಒಂದು ಸಂತೆ ಅಂತ.

ನಾನು ಬಿಡಿಸಿಕೊಂಡೆ. ಅವರ ಮೂರು ಬೆರಳು ಹಿಡಿದೆ.

ಅವರು ಕೈ ಕೊಡವಿದರು. ಮುಖದಲ್ಲಿ ಏನೂ ಇಲ್ಲ. ಆ ಮುಖ ಸಂತೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ, ನನಗೇ ತೋರಿಸಿದ್ದು ಇದೇ ಮೊದಲು. ಮತ್ತೆ ಒಂದೇ ಹಿಡಿದರು. ನಾನು ಕಾದೆ. ಅವರೇ ಕಲಿಸಿದ ಪಾಠ: ಅವಸರ ಯಾರಿಗೋ ಅವರು ಇಳಿಯುತ್ತಾರೆ. ಆ ಕಡೆ ಗಾಡಿ ಢುರ್ ಅನ್ನುತ್ತಿತ್ತು, ಬಿಸಿಲೇರುತ್ತಿತ್ತು, ಸಂತೆ ಕೂಡುವ ಹೊತ್ತು. ಮಾವ ನನ್ನ ಇನ್ನೊಂದು ಬೆರಳನ್ನೂ ಸೇರಿಸಿ ಎರಡನ್ನೂ ಒತ್ತಿದರು. ಒತ್ತಿ, ಬಿಡದೆ ಒಂದು ಗಳಿಗೆ ಹಾಗೇ ಹಿಡಿದುಕೊಂಡರು.

"ಹತ್ತು, ಹೊತ್ತಾಯ್ತು," ಅಂತ ನನ್ನ ಗಾಡಿಗೇ ಕಾಲು ಹಾಕಿದರು. ಆ ಕಡೆಗೆ ಕೈಯೆತ್ತಿ, "ಮುಂದಿನ ವಾರ ನಿಂದು ಕಣ್ಲಾ!" ಅಂತ ಕೂಗಿದರು. ಷಡ್ಡಕ ಇಂಜಿನ್ ಆರಿಸಿದ.

ಹೊಟ್ಟೆಕಿಚ್ಚು ಹೋಯಿತೇ ಅಂದರೆ, ಹೋಗಿಲ್ಲ. ಅವನ ವಾರ ಬಂದಾಗ ಕೆಂಪು ಗಾಡಿಯ ಸದ್ದು ಬೀದಿ ತಿರುಗಿ ಹೋಗುವವರೆಗೂ ನನ್ನ ಕೈಯ ತುತ್ತು ಮೇಲೇಳುವುದಿಲ್ಲ. ಫೋನಿನಲ್ಲಿ ಇವತ್ತಿಗೂ ನಾನು ಮೂರೇ. ಮೊನ್ನೆ ಸಂಜೆ ನೆರಳಲ್ಲಿ ಚೈನು ತಿಕ್ಕುತ್ತ ತಡೆಯಲಾಗದೆ ಕೇಳಿದೆ.

"ನಿಂಗೆ ಟವಲ್ ಕೆಳಗೆ ಎಷ್ಟು ಅಂದ್ರು?"

"ನಂಗ್ಯಾವತ್ತು ಟವಲ್ ಹಾಕವ್ರೆ ಅಣ್ಣ? ಸುಮ್ನೆ ಬಂದು ಕೂತ್ಕೊಂತಾರೆ," ಅಂದ.

ಸುಮ್ಮನೆ ಬಂದು ಕೂರುತ್ತಾರೆ. ನಾನು ಅಷ್ಟು ಎಳೆದಾಡಿ ಪಡೆದದ್ದು ಅವನಿಗೆ ಕೇಳದೆ ಸಿಕ್ಕಿದೆ. ಬ್ರಷ್ಷು ನನ್ನ ಕೈಯಲ್ಲಿ ನಿಂತೇಬಿಟ್ಟಿತು.

ಅವನೂ ತಿಕ್ಕುವುದನ್ನು ನಿಲ್ಲಿಸಿದ್ದ. ತಲೆ ಎತ್ತದೆ, "ಟವಲ್ ಒಳಗೆ ಅಷ್ಟೊತ್ತು ಏನು ಮಾತಾಡಿದ್ರಿ ಇಬ್ರೂ?" ಅಂದ. "ನನ್ ಹೆಂಡ್ತೀನೂ ಕೇಳ್ತಿದ್ಲು. ಅವರಪ್ಪ ಮನೇಲಿ ಯಾರಿಗೂ ಹಂಗೆ ಟವಲ್ ಹಾಕಿಲ್ವಂತೆ."

"ಅದನ್ನ ಹೇಳೋಂಗಿಲ್ಲ ಕಣೋ," ಅಂದೆ.

"ಒಂಚೂರಾದ್ರೂ?"

"ಒಂಚೂರೂ ಇಲ್ಲ."

ಅವನು ಬ್ರಷ್ಷನ್ನು ಡೀಸೆಲ್‌ಗೆ ಅದ್ದಿ, ಆಗಲೇ ಹೊಳೆಯುತ್ತಿದ್ದ ಚೈನನ್ನು ಮತ್ತೆ ತಿಕ್ಕೋಕೆ ಶುರು ಮಾಡಿದ, ಕೊಂಡಿ ಕಿತ್ತುಬರುವಷ್ಟು ಜೋರಾಗಿ. ನಾನು ನನ್ನದಕ್ಕೆ ನಿಧಾನಕ್ಕೆ ಎಣ್ಣೆ ಬಿಟ್ಟೆ.